ಕಮಿರೀಥುವಿನ ಬಯಲು ರಂಗಮಂದಿರ ಮತ್ತು ಅದನ್ನು ಕಟ್ಟಿದವರು

ಕೆನ್ಯಾದ ಹಿರಿಯ ಸಾಹಿತಿ ಗೂಗಿ ವಾ ಥಿಯಾಂಗೊ ಅವರು 2025ರ ಮೇ 28ರಂದು ಅಮೆರಿಕದಲ್ಲಿ ತೀರಿಕೊಂಡರು. ಆಗ ಅವರಿಗೆ 87 ವರ್ಷ. ಅವರ ಕಾದಂಬರಿಗಳ ವಿಷಯವಾಗಿಯೂ, ಇಂಗ್ಲಿಷನ್ನು ಬಿಟ್ಟು ತಾಯ್ನುಡಿಯಾದ ಗಿಕುಯು ಭಾಷೆಯಲ್ಲಿ ಬರೆಯಹೊರಟ ಅವರ ನಿರ್ಧಾರದ ವಿಷಯವಾಗಿಯೂ ಆ ದಿನಗಳಲ್ಲಿ ಬಹಳಷ್ಟು ಲೇಖನಗಳು ಬಂದವು. ಓದುಗರಲ್ಲಿ ಅನೇಕರು ಅವನ್ನು ನೋಡಿರಬಹುದು. ಆದರೆ ಆ ನಿರ್ಧಾರದ ಹಿಂದೆ ಒಂದು ಹಳ್ಳಿಯಿತ್ತು, ಆ ಹಳ್ಳಿಯಲ್ಲಿ ಒಂದು ರಂಗಮಂದಿರವಿತ್ತು, ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರಿಗೆ ಓದುಬರಹವೇ ತಿಳಿದಿರಲಿಲ್ಲ ಎಂಬ ಸಂಗತಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲವೆಂದು ನನಗೆ ತೋರಿತು. ಮೂರು ದಶಕಗಳ ಕಾಲ ಶಾಲೆಯಲ್ಲಿ ಪಾಠ ಹೇಳಿದವನಿಗೆ, ಅದರಲ್ಲಿಯೂ ಕೆಲವು ವರ್ಷ ವಯಸ್ಕರ ರಾತ್ರಿ ತರಗತಿ ನಡೆಸಿದವನಿಗೆ, ಅವರ ಕಥೆ ಬಿಟ್ಟುಬಿಡುವಂಥದಲ್ಲ.

ಹಳ್ಳಿಯ ಹೆಸರು ಕಮಿರೀಥು. ನೈರೋಬಿಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಲಿಮುರು ಪಟ್ಟಣದ ಮಗ್ಗುಲಲ್ಲಿದೆ. ಏಳು ಸಾವಿರ ಅಡಿಗೂ ಮಿಕ್ಕಿದ ಎತ್ತರದ ತಂಪು ಸೀಮೆ. ಸುತ್ತಲೂ ಚಹಾ ತೋಟಗಳು. ಮೊಂಬಾಸಾದಿಂದ ಒಳನಾಡಿಗೆ 1896ರಿಂದ 1901ರವರೆಗೆ ಬ್ರಿಟಿಷರು ಹಾಕಿಸಿದ ರೈಲುಮಾರ್ಗ ಲಿಮುರುವಿನ ಮೂಲಕವೇ ಹಾದುಹೋಗುತ್ತದೆ. ಆ ಹಳಿಗಳನ್ನು ಹಾಕಿದ ಕೂಲಿಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ನಮ್ಮ ದೇಶದಿಂದ, ಬಹುಪಾಲು ಪಂಜಾಬಿನಿಂದ, ಹೋದವರು. ಲಿಮುರುವಿನ ಪೇಟೆಯಲ್ಲಿದ್ದ ಭಾರತೀಯರ ಅಂಗಡಿಗಳನ್ನು ಗೂಗಿ ತಮ್ಮ ಬಾಲ್ಯದ ನೆನಪುಗಳಲ್ಲಿ ಚಿತ್ರಿಸಿದ್ದಾರೆ. ಚಪಾತಿ, ಚಾಯ್ ಎಂಬ ಮಾತುಗಳು ಇಂದಿಗೂ ಆ ನಾಡಿನ ಸ್ವಾಹಿಲಿಯಲ್ಲಿ ಹಾಗೆಯೇ ಉಳಿದಿವೆ. ಊರಿನ ಬಹುಮಂದಿಗೆ ಅನ್ನ ಕೊಡುತ್ತಿದ್ದುದು ಚಹಾ ತೋಟಗಳ ಕೂಲಿ ಮತ್ತು ಲಿಮುರುವಿನ ಬಾಟಾ ಪಾದರಕ್ಷೆ ಕಾರ್ಖಾನೆಯ ಸಂಬಳ.

ಕಮಿರೀಥು ತಾನಾಗಿ ಬೆಳೆದ ಊರಲ್ಲ. 1952ರ ಅಕ್ಟೋಬರ್ 20ರಂದು ಬ್ರಿಟಿಷ್ ಸರ್ಕಾರ ಕೆನ್ಯಾದಲ್ಲಿ ತುರ್ತುಪರಿಸ್ಥಿತಿ ಘೋಷಿಸಿತು. ಕಳೆದುಕೊಂಡ ಭೂಮಿಗಾಗಿ ಗಿಕುಯು ರೈತರು ಹೂಡಿದ ಮಾವ್ ಮಾವ್ ಹೋರಾಟವನ್ನು ಅಡಗಿಸುವುದು ಅದರ ಉದ್ದೇಶ. ಕಾಡು ಸೇರಿದ ಹೋರಾಟಗಾರರಿಗೆ ಊರಿನಿಂದ ಅನ್ನ, ಮದ್ದುಗುಂಡು, ಸುದ್ದಿ ಮುಟ್ಟದಂತೆ ಮಾಡಲು, ಚದುರಿದಂತಿದ್ದ ಮನೆಗಳನ್ನು 1954ರಿಂದ ಕೆಡವಿಸಿ, ಜನರನ್ನು ಕಾವಲಿನ ಹಳ್ಳಿಗಳಿಗೆ ಅಟ್ಟಲಾಯಿತು. ಅಂಥ ಹಳ್ಳಿಗಳಲ್ಲಿ ಕಮಿರೀಥು ಒಂದು. ಹೆಸರಾಂತ ಅಲಯನ್ಸ್ ಪ್ರೌಢಶಾಲೆಗೆ ಸೇರಿದ್ದ ಹುಡುಗ ಗೂಗಿ 1955ರಲ್ಲಿ ಮೊದಲ ಅವಧಿಯ ರಜೆಗೆ ಬಂದು ನೋಡಿದರೆ ಮನೆಯಿದ್ದ ಜಾಗದಲ್ಲಿ ಮನೆಯೇ ಇರಲಿಲ್ಲ. ತಾಯಿಯನ್ನು ಹುಡುಕಿಕೊಂಡು ಹೊಸ ಹಳ್ಳಿಗೆ ಹೋಗಬೇಕಾಯಿತು. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಜನರಿಗೆ ಹಿಂದಿರುಗಲು ಭೂಮಿ ಸಿಗಲಿಲ್ಲ. ಹಳ್ಳಿ ಅಲ್ಲಿಯೇ ನಿಂತಿತು. ಊರ ನಡುವೆ ಯುವಜನ ಕೇಂದ್ರಕ್ಕೆಂದು ನಾಲ್ಕು ಎಕರೆ ಬಯಲನ್ನು ಬಿಡಲಾಗಿತ್ತು. ಕೇಂದ್ರವೆಂದರೆ ಕುಸಿಯುತ್ತಿದ್ದ ನಾಲ್ಕು ಕೋಣೆಗಳ ಒಂದು ಮಣ್ಣಿನ ಕಟ್ಟಡ, ಅಷ್ಟೆ.

1976ರ ಒಂದು ಬೆಳಿಗ್ಗೆ ಆ ಊರಿನ ಹೆಂಗಸೊಬ್ಬಳು ಗೂಗಿಯವರ ಮನೆಗೆ ಬಂದಳು. ಅವರು ಆಗ ನೈರೋಬಿ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ವಿಭಾಗದ ಮುಖ್ಯಸ್ಥರು, ಹೆಸರು ಮಾಡಿದ ಕಾದಂಬರಿಕಾರರು. ನೀವು ಬಹಳ ಓದಿದವರಂತೆ, ಅದರಲ್ಲಿ ಸ್ವಲ್ಪವನ್ನು ಊರಿಗೂ ಕೊಡಬಾರದೇ, ಯುವಜನ ಕೇಂದ್ರ ಬಿದ್ದುಹೋಗುತ್ತಿದೆ, ಬಂದು ಕೈಜೋಡಿಸಿ ಎಂಬುದು ಆಕೆಯ ಮಾತಿನ ಸಾರ. ಅವರು ಯೋಚಿಸೋಣವೆಂದು ಹೇಳಿ ಕಳುಹಿಸಿದರು. ಆಕೆ ಮರುವಾರವೂ ಬಂದಳು, ಅದರ ಮರುವಾರವೂ ಬಂದಳು. ಕೊನೆಗೆ ಒಪ್ಪದೆ ವಿಧಿಯಿರಲಿಲ್ಲ. ಈ ಪ್ರಸಂಗವನ್ನು ಗೂಗಿಯವರೇ ಬರೆದಿಟ್ಟಿದ್ದಾರೆ. ಕಮಿರೀಥು ರಂಗಭೂಮಿಯ ಸ್ಥಾಪಕರು ಯಾರೆಂದು ನನ್ನನ್ನು ಕೇಳಿದರೆ ಮೊದಲು ಆಕೆಯನ್ನೇ ಹೇಳುತ್ತೇನೆ.

ಅಲ್ಲಿಂದ ಮುಂದೆ ಕೆಲಸಕ್ಕೆ ನಿಂತ ಮತ್ತೊಬ್ಬರ ಹೆಸರೂ ಗೂಗಿಯೇ: ಗೂಗಿ ವಾ ಮಿರೀ. ಅವರು ನೈರೋಬಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿದ್ದರು. ಕೇಂದ್ರದ ಆಡಳಿತ ಸಮಿತಿಯಲ್ಲಿ ರೈತರು, ಕಾರ್ಮಿಕರು, ಊರಿನ ಉಪಾಧ್ಯಾಯರು, ಸಣ್ಣ ವ್ಯಾಪಾರಿಗಳಿದ್ದರು. ಇಬ್ಬರು ಗೂಗಿಗಳೂ ಆ ಸಮಿತಿಗೆ ಅಧೀನರಾಗಿಯೇ ದುಡಿದರು. ಮೊದಲು ಆರಂಭವಾದದ್ದು ವಯಸ್ಕರ ಶಿಕ್ಷಣ. ಬ್ರೆಜಿಲಿನ ಶಿಕ್ಷಣತಜ್ಞ ಪಾವ್ಲೊ ಫ್ರೇರೆಯ ವಿಚಾರಗಳು ಅಂದು ಆಫ್ರಿಕದ ವಿದ್ಯಾವಂತರಲ್ಲಿ ಹರಡುತ್ತಿದ್ದ ಕಾಲ. ಅಕ್ಷರ ಕಲಿಸುವಾಗ ಕಲಿಯುವವರ ಬದುಕಿನ ಮಾತುಗಳನ್ನೇ ಪಾಠವಾಗಿಸಬೇಕೆಂಬುದು ಅವನ ಮತ. ಭೂಮಿ, ಕೂಲಿ, ಸಾಲ ಇವೇ ಅಲ್ಲಿ ಮೊದಲ ಪಾಠಗಳಾದವು.

ಇಲ್ಲಿ ನನ್ನದೊಂದು ಮಾತು. ವಯಸ್ಕರಿಗೆ ಅಕ್ಷರ ಕಲಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಸಹಿ ಹಾಕಲು ಬಂದ ಮರುತಿಂಗಳು ಅವರು ತರಗತಿಗೆ ಬರುವುದನ್ನು ನಿಲ್ಲಿಸುತ್ತಾರಲ್ಲ, ಅಲ್ಲಿದೆ ಕಷ್ಟ. ಓದಲು ಬಂದ ಮೇಲೆ ಏನನ್ನು ಓದುವುದು, ಯಾರೊಡನೆ ಓದುವುದು ಎಂಬುದಕ್ಕೆ ನಮ್ಮ ಇಲಾಖೆಯ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಕಮಿರೀಥುವಿನವರು ಕಂಡುಕೊಂಡ ಉತ್ತರ ನಾಟಕ. ಅದರಿಂದ ಕೇಂದ್ರಕ್ಕೆ ನಾಲ್ಕು ಕಾಸು ಬಂದರೆ ಅದೂ ಆಗಲಿ ಎಂಬ ಲೆಕ್ಕಾಚಾರವೂ ಇತ್ತು.

ಪೂರ್ವ ಆಫ್ರಿಕದಲ್ಲಿ ಎಳೆಯರ ನಾಟಕ ಚಟುವಟಿಕೆ ಅದಕ್ಕೆ ಮೊದಲೂ ಇತ್ತು. ಕೆನ್ಯಾದಲ್ಲಿ ಶಾಲೆಗಳ ನಾಟಕೋತ್ಸವ 1959ರಲ್ಲಿಯೇ ಮೊದಲಾಗಿತ್ತು. ಬಹುಕಾಲ ಅಲ್ಲಿ ಇಂಗ್ಲಿಷಿನದೇ ಮೇಲುಗೈ. ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪ್ರಾಧ್ಯಾಪಕ ಡೇವಿಡ್ ಕುಕ್ ಮೊದಲಾದವರ ಮುಂದಾಳ್ತನದಲ್ಲಿ 1965ರಿಂದ ಊರೂರು ತಿರುಗಿ, ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ, ಹಣ ಪಡೆಯದೆ ಆಟ ತೋರಿಸಿದ್ದರು. ಅದು ಮೆಚ್ಚಬೇಕಾದ ಕೆಲಸವೇ. ಗೂಗಿಯವರೂ ಮಕೆರೆರೆಯಲ್ಲಿಯೇ ಓದಿದವರು. ಅವರ ಮೊದಲ ದೊಡ್ಡ ನಾಟಕವನ್ನು 1962ರಲ್ಲಿ ಕಂಪಾಲಾದ ರಾಷ್ಟ್ರೀಯ ರಂಗಮಂದಿರದಲ್ಲಿ ಅಲ್ಲಿಯ ವಿದ್ಯಾರ್ಥಿಗಳೇ ಆಡಿದ್ದರು. ಆದರೂ ಇಲ್ಲೆಲ್ಲ ಒಂದು ಸಂಗತಿ ಸಮಾನ. ನಾಟಕ ಕಾಲೇಜಿನಲ್ಲಿ ಸಿದ್ಧವಾಗುತ್ತಿತ್ತು, ಹಳ್ಳಿಗೆ ಬರುತ್ತಿತ್ತು, ಹಳ್ಳಿ ಅದನ್ನು ನೋಡುತ್ತಿತ್ತು.

ನಗರದ ರಂಗಮಂದಿರದ ಬಾಗಿಲು ಎಷ್ಟು ಕಿರಿದೆಂಬುದನ್ನು ಗೂಗಿಯವರು ಅದೇ 1976ರಲ್ಲಿ ಕಂಡಿದ್ದರು. ಮಿಚೆರೆ ಮುಗೊ ಎಂಬ ವಿದುಷಿಯೊಡನೆ ಸೇರಿ ಅವರು ಮಾವ್ ಮಾವ್ ನಾಯಕ ದೆದಾನ್ ಕಿಮಾಥಿಯ ವಿಚಾರಣೆಯ ಮೇಲೆ ನಾಟಕ ಬರೆದಿದ್ದರು. ನೈರೋಬಿಯ ರಾಷ್ಟ್ರೀಯ ರಂಗಮಂದಿರ ಆಗಲೂ ಯೂರೋಪಿಯನ್ನರ ಹಿಡಿತದಲ್ಲಿಯೇ ಇತ್ತು. ಫ್ರಾನ್ಸಿನ ನೃತ್ಯತಂಡಕ್ಕೂ ಇಂಗ್ಲಿಷ್ ಹಾಸ್ಯನಾಟಕಕ್ಕೂ ಅಲ್ಲಿ ದಿನಗಳು ಸಿಕ್ಕವು. ಈ ನಾಟಕಕ್ಕೆ ಸಿಕ್ಕಿದ್ದು ಅಕ್ಟೋಬರಿನ ನಾಲ್ಕೇ ದಿನ. ಆದರೂ ಜನ ಕಿಕ್ಕಿರಿದು ಬಂದರು. ಆಟ ಮುಗಿದ ಮೇಲೆ ನಟರೊಡನೆ ಹಾಡುತ್ತ ಕುಣಿಯುತ್ತ ಬೀದಿಗೆ ಇಳಿದರು. ನಾಟಕ ಮಾತ್ರ ಇಂಗ್ಲಿಷಿನಲ್ಲಿತ್ತು.

ಕಮಿರೀಥುವಿನಲ್ಲಿ ಇಂಗ್ಲಿಷ್ ನಡೆಯುವಂತಿರಲಿಲ್ಲ. ನೋಡುವವರಿಗೂ ಆಡುವವರಿಗೂ ಬರುತ್ತಿದ್ದುದು ಗಿಕುಯು. ಹದಿನೇಳು ವರ್ಷ ಇಂಗ್ಲಿಷಿನಲ್ಲಿ ಬರೆದಿದ್ದ ಲೇಖಕ ತನ್ನ ತಾಯಿಯ ಭಾಷೆಯಲ್ಲಿ ಬರೆಯಲು ಕುಳಿತದ್ದು ಹೀಗೆ, ಯಾವ ಸಿದ್ಧಾಂತದ ಬಲದಿಂದಲೂ ಅಲ್ಲದೆ, ಊರವರ ಅವಶ್ಯಕತೆಯಿಂದ. 1976ರ ಡಿಸೆಂಬರಿನಲ್ಲಿ ಸಮಿತಿ ಇಬ್ಬರು ಗೂಗಿಗಳಿಗೂ ನಾಟಕ ಬರೆಯಲು ಒಪ್ಪಿಸಿತು. 1977ರ ಏಪ್ರಿಲಿನಲ್ಲಿ ಕರಡುಪ್ರತಿ ಸಿದ್ಧವಾಯಿತು. ಹೆಸರು ‘ನ್ಗಾಹಿಕಾ ನ್ದೇಂದಾ’; ಬೇಕೆನಿಸಿದಾಗ ಮದುವೆಯಾಗುವೆ ಎಂದು ಅರ್ಥ. ಕಥೆ ಬಲು ಸರಳ. ಕಿಗೂಂಡ ಎಂಬ ಕೂಲಿಗಾರನಿಗೆ ಒಂದೂವರೆ ಎಕರೆ ಭೂಮಿ. ಅದರ ಹಕ್ಕುಪತ್ರವನ್ನು ಅವನು ಗೋಡೆಗೆ ತೂಗುಹಾಕಿಕೊಂಡಿದ್ದಾನೆ. ಅವನ ಮಗಳ ಮೇಲೆ ಧಣಿಯ ಮಗನ ಕಣ್ಣು. ಚರ್ಚಿನಲ್ಲಿ ಮತ್ತೊಮ್ಮೆ ಮದುವೆ ಮಾಡಿಕೊಂಡು ಪವಿತ್ರನಾಗು ಎಂದು ಧಣಿ ಉಪದೇಶಿಸುತ್ತಾನೆ. ಮಗಳ ಸಂಬಂಧ ಕುದುರೀತೆಂಬ ಆಸೆಯಿಂದ ಕಿಗೂಂಡ ಹಕ್ಕುಪತ್ರವನ್ನು ಅಡವಿಟ್ಟು ಸಾಲ ತರುತ್ತಾನೆ. ಮಗಳು ಗರ್ಭಿಣಿಯಾಗಿ ಕೈಬಿಡಲ್ಪಡುತ್ತಾಳೆ. ಭೂಮಿ ಕೀಟನಾಶಕದ ಕಾರ್ಖಾನೆಗೆ ಹೋಗುತ್ತದೆ. ಇಂಥ ಹಕ್ಕುಪತ್ರ ಯಾವ ಊರಿನಲ್ಲಿಲ್ಲ?

ಈ ಪ್ರಬಂಧದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇನ್ನು ಮುಂದಿನದು. ಕರಡನ್ನು ಊರಿನವರ ಎದುರು ಓದಲಾಯಿತು. ಏಪ್ರಿಲ್, ಮೇ ಎರಡು ತಿಂಗಳೂ ಚರ್ಚೆಯೇ ಚರ್ಚೆ. ಮುದುಕನೊಬ್ಬನ ಬಾಯಲ್ಲಿ ಎಳೆಯರ ಮಾತು ಬಂದರೆ ಮುದುಕರು ತಡೆದರು. ಆ ವಯಸ್ಸಿನವನು ಗಾದೆಯಿಲ್ಲದೆ ಮಾತಾಡುವುದುಂಟೇ ಎಂದರು. ಕಾರ್ಖಾನೆಯ ದೃಶ್ಯ ಬಂದಾಗ ಕಾರ್ಖಾನೆಯಲ್ಲಿ ದುಡಿಯುವವರು, ದಿನಕ್ಕೆ ತಾವು ಎಷ್ಟು ಮಾಲು ತಯಾರಿಸುತ್ತೇವೆ, ಅದರ ಬೆಲೆಯೆಷ್ಟು, ತಮ್ಮ ಕೈಗೆ ಬರುವುದೆಷ್ಟು ಎಂದು ಲೆಕ್ಕ ಬಿಡಿಸಿ ಹೇಳಿದರು. ಮದುವೆಯ ಸಂದರ್ಭದ ‘ಗಿತೀರೊ’ ಎಂಬ ಸಂವಾದಗೀತೆಯ ಕಟ್ಟುಪಾಡು ಇಬ್ಬರು ವಿದ್ವಾಂಸರಿಗೂ ಸರಿಯಾಗಿ ತಿಳಿಯದು. ಅಕ್ಷರ ಬಾರದ ಹಳ್ಳಿಯ ಹೆಂಗಸು ಅದನ್ನು ಕಲಿಸಿಕೊಟ್ಟಳು. ಮಾವ್ ಮಾವ್ ಕಾಳಗದ ದೃಶ್ಯಕ್ಕೆ ಬಂದೂಕುಗಳು ಬೇಕಾದವು. ಆ ಹೋರಾಟದ ಕಾಲದಲ್ಲಿ ನಿಜವಾದ ನಾಡಬಂದೂಕು ಮಾಡಿಕೊಡುತ್ತಿದ್ದವರು ಊರಿನಲ್ಲಿದ್ದರು. ಈಗ ಅವರೇ ಆಟದ ಬಂದೂಕು ಮಾಡಿಕೊಟ್ಟರು. ಪೊಲೀಸರ ಕಣ್ಣು ತಪ್ಪಿಸಿ ಗುಂಡುಗಳನ್ನು ಕಾಡಿಗೆ ಸಾಗಿಸಿದ್ದ ಹೆಂಗಸರೂ ಅಲ್ಲಿಯೇ ಕುಳಿತಿದ್ದರು. ಇಷ್ಟು ಮಂದಿ ಪಂಡಿತರು ಯಾವ ನಾಟಕಶಾಲೆಯಲ್ಲಿ ಸಿಕ್ಕಾರು?

ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ನಾಟಕವೆಂದರೆ ಮೇಷ್ಟರು ಬರೆದುಕೊಟ್ಟ ಮಾತನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವುದು. ಮರೆತರೆ ಪರದೆಯ ಹಿಂದಿನಿಂದ ಪಿಸುಗುಟ್ಟುವುದು. ಕಮಿರೀಥುವಿನಲ್ಲಿ ನಿರ್ದೇಶಕರಾದ ಕಿಮಾನಿ ಗೆಚಾವ್, ಅವರೂ ವಿಶ್ವವಿದ್ಯಾಲಯದವರೇ, ಬಾಗಿಲು ಮುಚ್ಚಿ ತಾಲೀಮು ಮಾಡಿಸಲಿಲ್ಲ. ಮುಚ್ಚಲು ಬಾಗಿಲೂ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಶನಿವಾರ ಮತ್ತು ಭಾನುವಾರ ಮಧ್ಯಾಹ್ನ ಬಯಲಿನಲ್ಲಿಯೇ ಅಭ್ಯಾಸ. ವಾರವೆಲ್ಲ ದುಡಿಯುವವರಿಗೆ ಬಿಡುವು ಸಿಗುವುದು ಆಗಲೇ. ಭಾನುವಾರ ಚರ್ಚಿಗೆ ಹೋಗುವವರಿಗೂ ಮಧ್ಯಾಹ್ನವೇ ಅನುಕೂಲ. ದಾರಿಹೋಕರು ನಿಂತು ನೋಡುವರು, ತಪ್ಪು ತೋರಿಸುವರು, ಹೀಗಲ್ಲ ಹಾಗೆ ಎಂದು ತಾವೇ ಆಡಿ ತೋರಿಸುವರು. ತಾಲೀಮನ್ನೇ ನೋಡಿಬಿಟ್ಟವರು ಆಟಕ್ಕೆ ದುಡ್ಡು ಕೊಟ್ಟು ಬರುವರೇ ಎಂದು ಕೆಲವರಿಗೆ ಅನುಮಾನವಿತ್ತಂತೆ. ಬಯಲಾಟ ಕಂಡವರಿಗೆ ಅಂಥ ಅನುಮಾನ ಬಾರದು. ಕಥೆ ಗೊತ್ತಿದ್ದವನೇ ಮುಂದಿನ ಸಾಲಿನಲ್ಲಿ ಕೂರುವುದು.

ರಂಗಮಂದಿರವನ್ನೂ ಊರವರೇ ಕಟ್ಟಿದರು. ಮೊದಲು ನೆಲದ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿ ನಕ್ಷೆ ಮಾಡಿಕೊಂಡರು. ಅರ್ಧಚಂದ್ರಾಕಾರದ ಎತ್ತರಿಸಿದ ರಂಗ, ಅದರ ಹಿಂದೆ ಬಿದಿರಿನ ತಟ್ಟಿ, ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕೂರಲು ಮೆಟ್ಟಿಲು ಮೆಟ್ಟಿಲಾಗಿ ಆಸನಗಳು. ಮೇಲೆ ಛಾವಣಿಯಿಲ್ಲ, ದೀಪ ಸೂರ್ಯನದು.

ಮಾವ್ ಮಾವ್ ಹೋರಾಟಕ್ಕೆ 25 ವರ್ಷ ತುಂಬಿದ ಆ ವರ್ಷ, 1977ರ ಅಕ್ಟೋಬರ್ 2ರ ಭಾನುವಾರ, ಮೊದಲ ಪ್ರದರ್ಶನ ನಡೆಯಿತು. ಆ ಮೇಲೆ ಪ್ರತಿ ವಾರಾಂತ್ಯ. ದೂರದ ಊರುಗಳಿಂದ ಜನ ಬಾಡಿಗೆ ಬಸ್ಸುಗಳಲ್ಲಿಯೂ ಮಟಾಟುಗಳಲ್ಲಿಯೂ ಬರತೊಡಗಿದರು. ಮಟಾಟು ಎಂದರೆ ಅಲ್ಲಿಯ ಖಾಸಗಿ ಬಾಡಿಗೆ ವ್ಯಾನು. ನಮ್ಮಲ್ಲಿಯೂ ಇಂಥ ಕೇಂದ್ರ ಮಾಡಬೇಕು, ಬಂದು ಹೇಳಿಕೊಡಿ ಎಂದು ಬೇರೆ ಹಳ್ಳಿಗಳವರು ಕೇಳಿಕೊಂಡರು. ಆಡಳಿತ ಎಚ್ಚೆತ್ತದ್ದು ಈ ಬೇಡಿಕೆಗಳಿಂದಲೇ ಇರಬೇಕೆಂದು ನನ್ನ ಊಹೆ. ಸಭೆ ಸೇರಲು ಪರವಾನಗಿ ಬೇಕೆಂಬುದು ಬ್ರಿಟಿಷರ ಕಾಲದ ನಿಯಮ. ಸ್ವತಂತ್ರ ಸರ್ಕಾರ ಅದನ್ನು ಜೋಪಾನವಾಗಿ ಉಳಿಸಿಕೊಂಡಿತ್ತು. ನವೆಂಬರ್ 16ರಂದು ಜಿಲ್ಲಾಧಿಕಾರಿಗಳು ಸಾರ್ವಜನಿಕ ಶಾಂತಿಯ ಕಾರಣ ಮುಂದೊಡ್ಡಿ ಪರವಾನಗಿಯನ್ನು ಹಿಂತೆಗೆದುಕೊಂಡರು. ಆಟ ನಡೆದದ್ದು ಆರು ವಾರಗಳಿಗೆ ತುಸು ಹೆಚ್ಚು.

ಡಿಸೆಂಬರ್ 31ರಂದು, ಇನ್ನೂ ಬೆಳಗಾಗುವ ಮೊದಲೇ, ಪೊಲೀಸರು ಗೂಗಿ ವಾ ಥಿಯಾಂಗೊ ಅವರನ್ನು ಮನೆಯಿಂದ ಕರೆದೊಯ್ದರು. ಆರೋಪಪಟ್ಟಿಯಿಲ್ಲ, ವಿಚಾರಣೆಯಿಲ್ಲ. ಕಮಿಟಿ ಎಂಬ ಬಿಗಿ ಬಂದೋಬಸ್ತಿನ ಸೆರೆಮನೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ. ಅಲ್ಲಿ ಶೌಚದ ಕಾಗದದ ಮೇಲೆ ಅವರು ಗಿಕುಯು ಭಾಷೆಯ ತಮ್ಮ ಮೊದಲ ಕಾದಂಬರಿಯನ್ನು ಬರೆದ ವಿಷಯ ಬಹುಮಂದಿಗೆ ಗೊತ್ತು. 1978ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನ್ಯಾಟಾ ನಿಧನರಾದರು. ಡಿಸೆಂಬರ್ 12ರಂದು ಬಿಡುಗಡೆಯಾಯಿತು. ವಿಶ್ವವಿದ್ಯಾಲಯದ ಕೆಲಸ ಮಾತ್ರ ಮರಳಿ ಸಿಗಲಿಲ್ಲ.

ಲೇಖಕನನ್ನು ಹಿಡಿದರೆ ನಾಟಕ ನಿಲ್ಲುತ್ತದೆಂದು ಸರ್ಕಾರ ಎಣಿಸಿದ್ದರೆ ಅದು ಹಾಗಾಗಲಿಲ್ಲ. 1981ರ ಕೊನೆಗೆ ಊರವರು ಮತ್ತೆ ಸೇರಿದರು. ಹೊಸ ನಾಟಕ ‘ಮೈತು ನ್ಜುಗಿರಾ’, ಅಂದರೆ ಅಮ್ಮಾ, ನನಗಾಗಿ ಹಾಡು. 1920 ಮತ್ತು 30ರ ದಶಕಗಳಲ್ಲಿ ಬಿಳಿಯರ ತೋಟಗಳಲ್ಲಿ ಕೆಲಸಗಾರರು ಪಟ್ಟ ಪಾಡು ಅದರ ವಸ್ತು. ಗಿಕುಯು ಹಾಡುಗಳಲ್ಲದೆ ಕೆನ್ಯಾದ ಬೇರೆ ಬೇರೆ ಜನಾಂಗಗಳ ಹಾಡುಗಳನ್ನೂ ಕಲಿತು ಸೇರಿಸಿಕೊಂಡರು. ಮಾತಿಗಿಂತ ಹಾಡೇ ಹೆಚ್ಚು. ಗೆಚಾವ್ ಅವರ ಜೊತೆಗೆ ವಾಯ್ಗ್ವ ವಾಚೀರ ನಿರ್ದೇಶನಕ್ಕೆ ನಿಂತರು. ಈ ಬಾರಿ ಪ್ರದರ್ಶನ ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲಿಯೇ ಆಗಬೇಕೆಂದು ತೀರ್ಮಾನವಾಗಿ, 1982ರ ಫೆಬ್ರವರಿ 19ಕ್ಕೆ ದಿನ ಗೊತ್ತಾಯಿತು. ಪರವಾನಗಿಗೆ ಅರ್ಜಿ ಹೋಯಿತು, ಉತ್ತರ ಬರಲಿಲ್ಲ. ಕಲಾವಿದರು ಹೋದಾಗ ಬಾಗಿಲಿಗೆ ಬೀಗ, ಎದುರಿಗೆ ಪೊಲೀಸರು. ಅವರು ವಿಶ್ವವಿದ್ಯಾಲಯದ ರಂಗಮಂದಿರಕ್ಕೆ ಹೋಗಿ, ತಾಲೀಮು ಎಂಬ ಹೆಸರಿನಲ್ಲಿ ಆಟ ಮುಂದುವರಿಸಿದರು. ತಾಲೀಮಿಗೆ ಪರವಾನಗಿ ಬೇಡವಲ್ಲ! ಕೆಲವೇ ದಿನಗಳಲ್ಲಿ ಹತ್ತು ಸಾವಿರಕ್ಕೂ ಮೀರಿ ಜನ ಬಂದು ಆ ತಾಲೀಮುಗಳನ್ನು ನೋಡಿದರು. ಬಳಿಕ ಅದನ್ನೂ ನಿಲ್ಲಿಸಲಾಯಿತು. ಜಿಂಬಾಬ್ವೆಯಿಂದ ತಂಡಕ್ಕೆ ಆಹ್ವಾನ ಬಂದಿತ್ತು. ಹೋಗಲು ಅನುಮತಿ ದೊರೆಯಲಿಲ್ಲ.

ಮಾರ್ಚ್ 11ರಂದು ಕೇಂದ್ರದ ಮಾನ್ಯತೆಯೇ ರದ್ದಾಯಿತು. ಮರುದಿನ ಮೂರು ಲಾರಿಗಳಲ್ಲಿ ಪೊಲೀಸರು ಕಮಿರೀಥುವಿಗೆ ಬಂದು ಬಯಲು ರಂಗಮಂದಿರವನ್ನು ನೆಲಸಮ ಮಾಡಿದರು. 1977ರಲ್ಲಿ ಒಬ್ಬ ಲೇಖಕನನ್ನು ಬಂಧಿಸಿದವರು 1982ರಲ್ಲಿ ಬಿದಿರು ತಟ್ಟಿಗಳನ್ನೂ ಹಲಗೆಗಳನ್ನೂ ಕೀಳಲು ಮೂರು ಲಾರಿ ಪೊಲೀಸರನ್ನು ಕಳುಹಿಸಿದರಲ್ಲ, ನಾಟಕದ ಕರ್ತೃ ಯಾರೆಂಬುದು ಅಷ್ಟರೊಳಗೆ ಅವರಿಗೆ ತಿಳಿದಿತ್ತೆಂದೇ ನಾನು ಭಾವಿಸುತ್ತೇನೆ. ಸಾಹಿತ್ಯ ಚರಿತ್ರೆಯ ಪುಸ್ತಕಗಳಿಗಿಂತ ಪೊಲೀಸರು ಇದರಲ್ಲಿ ಹೆಚ್ಚು ಸರಿಯಾಗಿದ್ದರು. ಆ ಬಯಲಿನಲ್ಲಿ ಆಮೇಲೆ ಒಂದು ಪಾಲಿಟೆಕ್ನಿಕ್ ಎದ್ದಿತು.

ಆ ವರ್ಷವೇ ಎಲ್ಲರೂ ಚದುರಿದರು. ಪುಸ್ತಕವೊಂದರ ಬಿಡುಗಡೆಗೆಂದು ಲಂಡನ್ನಿಗೆ ಹೋಗಿದ್ದ ಗೂಗಿ ವಾ ಥಿಯಾಂಗೊ, ಮರಳಿದರೆ ಬಂಧನ ಕಾದಿದೆಯೆಂಬ ಸುದ್ದಿ ತಿಳಿದು ಅಲ್ಲಿಯೇ ಉಳಿದರು. 2004ರವರೆಗೆ ತಾಯ್ನಾಡಿಗೆ ಕಾಲಿಡಲಾಗಲಿಲ್ಲ. ಗೂಗಿ ವಾ ಮಿರೀ ಮತ್ತು ಗೆಚಾವ್ ಜಿಂಬಾಬ್ವೆ ಸೇರಿದರು. ಅಲ್ಲಿ ವಿಮೋಚನಾ ಯುದ್ಧ ಮುಗಿದು, ನೆರೆನಾಡುಗಳ ನಿರಾಶ್ರಿತ ಶಿಬಿರಗಳಿಂದ ಹಿಂದಿರುಗಿದ ಮಕ್ಕಳಿಗಾಗಿ ಹೊಸ ಶಾಲೆಗಳು ತೆರೆದಿದ್ದವು. ಚಿಂದುಂದುಮಾ ಎಂಬಲ್ಲಿಯ ಅಂಥ ಶಾಲೆಯೊಂದರಲ್ಲಿ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಿಮಾಥಿಯ ನಾಟಕವನ್ನೇ ಅಲ್ಲಿಯ ಶೋನಾ ಭಾಷೆಯಲ್ಲಿ ಆಡಿಸಿದರು. ಬಂದೂಕಿನ ಸದ್ದು ಕೇಳಿ ಬೆಳೆದ ಮಕ್ಕಳು ಅವರು. ಅಲ್ಲಿಯೂ ಕಥೆಯನ್ನು ವಿವರಿಸಿ ಹೇಳಬೇಕಾದ ಅಗತ್ಯ ಬಿದ್ದಿರಲಾರದು. ಮುಂದೆ ಜಿಂಬಾಬ್ವೆಯ ಸಮುದಾಯ ರಂಗತಂಡಗಳ ಒಕ್ಕೂಟವನ್ನು ಕಟ್ಟಿ, ಹಳ್ಳಿಗಳ ಮತ್ತು ಕೇರಿಗಳ ನೂರಾರು ಎಳೆಯರಿಗೆ ವಾ ಮಿರೀ ರಂಗಶಿಕ್ಷಣ ನೀಡಿದರು. 2008ರ ಮೇ ತಿಂಗಳಲ್ಲಿ ಅಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಮ್ಮಲ್ಲಿ ಅವರ ಹೆಸರನ್ನು ಬಲ್ಲವರು ಕಡಿಮೆ. ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರು ಜಗತ್ಪ್ರಸಿದ್ಧರಾದರೆ ಇನ್ನೊಬ್ಬರಿಗೆ ಹೀಗಾಗುವುದುಂಟು.

ಬಿಗಿ ಆಡಳಿತದ ಕಾಲ ಕಳೆದು, 2022ರ ಮೇ ತಿಂಗಳಲ್ಲಿ ‘ನ್ಗಾಹಿಕಾ ನ್ದೇಂದಾ’ ಮತ್ತೆ ರಂಗವೇರಿತು. ಈ ಸಲ ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲಿ, ಅಂದು ಕಮಿರೀಥುವಿನವರಿಗೆ ಬೀಗ ಹಾಕಿದ್ದ ಅದೇ ಕಟ್ಟಡದಲ್ಲಿ. 1977ರಲ್ಲಿ ಹುಟ್ಟಿಯೇ ಇರದಿದ್ದ ತರುಣ ಕಲಾವಿದರು ಬಣ್ಣ ಹಚ್ಚಿದ್ದರು. ಕೆಲವು ದಿನ ಇಂಗ್ಲಿಷಿನಲ್ಲಿ, ಕೆಲವು ದಿನ ಗಿಕುಯು ಭಾಷೆಯಲ್ಲಿ ಆಟ ನಡೆಯಿತು.